ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಕಾಣಿಸದಿದ್ದರೆ ಫಾರ್ಮ್ಯಾಟ್ ಮಾಡಲೇಬೇಕೇ? ವಾಸ್ತವ ಇಲ್ಲಿದೆ

ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಸಿಕ್ಕಿಸಿದರೂ ಲಿನಕ್ಸ್ ಕಂಪ್ಯೂಟರಿನಲ್ಲಿ ಏನೂ ತೆರೆಯದಿದ್ದಾಗ "ಡ್ರೈವ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿಬಿಡಿ" ಎಂಬ ಸಲಹೆ ತಕ್ಷಣ ಸಿಗುತ್ತದೆ. ಮದುವೆಯ ಫೋಟೊ, ಮಕ್ಕಳ ಪ್ರಾಜೆಕ್ಟ್, ಆಸ್ತಿ ಪತ್ರಗಳ ಸ್ಕ್ಯಾನ್ ಅದರಲ್ಲಿದ್ದರೆ ಈ ಸಲಹೆ ದುಬಾರಿಯಾಗುತ್ತದೆ. ಹಾಗಾದರೆ ಈ ಮಾತು ಎಷ್ಟು ನಿಜ? ನಾವು ಪರಿಶೀಲಿಸೋಣ.

ಮೌಂಟ್ ಎಂದರೇನು?

ಡಿಸ್ಕ್ ಸಿಕ್ಕಿಸಿದಾಗ ಮೊದಲು ಲಿನಕ್ಸ್ ಕರ್ನಲ್ ಅದನ್ನು ಗುರುತಿಸುತ್ತದೆ. ನಂತರ ಡೆಸ್ಕ್‌ಟಾಪ್, 'ಯುಡಿಸ್ಕ್ಸ್' ಎಂಬ ಸೇವೆಯ ಮೂಲಕ ಅದನ್ನು ಒಂದು ಫೋಲ್ಡರಿಗೆ ಜೋಡಿಸುತ್ತದೆ. ಈ ಜೋಡಣೆಯೇ ಮೌಂಟ್. ಉಬುಂಟುವಿನಲ್ಲಿ ಇದು 'ಮೀಡಿಯಾ' ಫೋಲ್ಡರಿನೊಳಗೆ ಬಳಕೆದಾರರ ಹೆಸರಿನಲ್ಲಿ ಕಾಣಿಸುತ್ತದೆ. ಡಿಸ್ಕ್ ಗುರುತಾಗುವುದು ಬೇರೆ, ಮೌಂಟ್ ಆಗುವುದು ಬೇರೆ. ಎರಡನೆಯದು ವಿಫಲವಾದರೆ ಡೇಟಾ ಹೋಯಿತು ಎಂದು ಅರ್ಥವಲ್ಲ.

ಮೊದಲು ಏನು ನೋಡಬೇಕು?

ಫೈಲ್ಸ್ ವಿಂಡೋದ ಎಡಪಟ್ಟಿ ನೋಡಿ. ಕೆಲವೊಮ್ಮೆ ಡಿಸ್ಕ್ ಮೌಂಟ್ ಆಗಿರುತ್ತದೆ, ವಿಂಡೋ ಮಾತ್ರ ತಾನಾಗಿ ತೆರೆದಿರುವುದಿಲ್ಲ. ಅಲ್ಲಿಯೂ ಇಲ್ಲದಿದ್ದರೆ 'ಡಿಸ್ಕ್ಸ್' ಆ್ಯಪ್ ತೆರೆಯಿರಿ.

1. ಪಟ್ಟಿಯಲ್ಲಿ ಡ್ರೈವ್ ಇಲ್ಲವೇ ಇಲ್ಲ: ಕೇಬಲ್, ಪೋರ್ಟ್ ಅಥವಾ ಡ್ರೈವ್‌ನ ದೋಷವಿರಬಹುದು. ಬೇರೆ ಪೋರ್ಟ್, ಬೇರೆ ಕೇಬಲ್ ಬಳಸಿ ನೋಡಿ.

2. ಡ್ರೈವ್ ಇದೆ, ತ್ರಿಕೋನದ ಬಟನ್ ಒತ್ತಿದರೆ ತೆರೆಯುತ್ತದೆ: ಸ್ವಯಂ ಮೌಂಟ್ ಸೆಟ್ಟಿಂಗ್ ಆಫ್ ಆಗಿರಬಹುದು. ಕೆಡಿಇ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗಳಲ್ಲಿ ಇದನ್ನು ಸೆಟ್ಟಿಂಗ್ಸ್‌ನ 'ರಿಮೂವಬಲ್' ವಿಭಾಗದಲ್ಲಿ ಆನ್ ಮಾಡಬಹುದು.

3. ಬಟನ್ ಒತ್ತಿದರೆ ದೋಷದ ಸಂದೇಶ ಬರುತ್ತದೆ: ಕಾರಣ ಹೆಚ್ಚಾಗಿ ಫೈಲ್ ಸಿಸ್ಟಮ್‌ಗೆ ಸಂಬಂಧಿಸಿರುತ್ತದೆ.

"ಬ್ಯಾಡ್ ಸೂಪರ್‌ಬ್ಲಾಕ್" ಎಂದು ಬಂದರೆ?

"ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್" ಎಂಬ ಸಂದೇಶ ನೋಡಿ ಹಲವರು ಗಾಬರಿಯಾಗುತ್ತಾರೆ. ಇದು ಹಲವು ಕಾರಣಗಳಿಗೆ ಬರುವ ಸಾಮಾನ್ಯ ಸಂದೇಶ. ವಿಂಡೋಸ್‌ನಲ್ಲಿ ಬಳಸಿದ ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಇಜೆಕ್ಟ್ ಮಾಡದೆ ಕಿತ್ತರೆ ಅದರ ಮೇಲೆ 'ಪರೀಕ್ಷೆ ಬೇಕು' ಎಂಬ ಗುರುತು ಉಳಿಯುತ್ತದೆ, ಲಿನಕ್ಸ್ ಮೌಂಟ್ ಮಾಡಲು ಒಪ್ಪದಿರಬಹುದು. ವಿಂಡೋಸ್ 8ರಿಂದ ಬಂದ 'ಫಾಸ್ಟ್ ಸ್ಟಾರ್ಟಪ್' ಕೂಡ ಕಾರಣವಾಗುತ್ತದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪರಿಹಾರ ಸರಳ: ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡೇಟಾದ ಪ್ರತಿ ತೆಗೆದುಕೊಂಡ ಮೇಲೆ ವಿಂಡೋಸ್‌ನಲ್ಲೇ ಡಿಸ್ಕ್‌ನ ದೋಷ ಪರೀಕ್ಷೆ ನಡೆಸಿ, ಇಜೆಕ್ಟ್ ಮಾಡಿ ತೆಗೆಯಿರಿ.

64 ಜಿಬಿ ಮೆಮೊರಿ ಕಾರ್ಡ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಮಾದರಿಯಲ್ಲಿರುತ್ತವೆ. ಲಿನಕ್ಸ್ ಕರ್ನಲ್‌ಗೆ ಇದರ ಬೆಂಬಲ ಬಂದದ್ದು 2019ರ 5.4 ಆವೃತ್ತಿಯಲ್ಲಿ. ಹಳೆಯ ಲಿನಕ್ಸ್ ಆದರೆ ಎಕ್ಸ್‌ಫ್ಯಾಟ್ ಪ್ಯಾಕೇಜ್ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಕಾರ್ಡ್‌ನಲ್ಲಿ ಯಾವ ದೋಷವೂ ಇರುವುದಿಲ್ಲ.

ಯಾವಾಗ ಕೈ ಹಚ್ಚಬಾರದು?

ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಅಥವಾ 'ಇನ್‌ಪುಟ್/ಔಟ್‌ಪುಟ್ ಎರರ್' ಪದೇ ಪದೇ ಕಂಡರೆ ತಕ್ಷಣ ತೆಗೆದಿಡಿ. ದುರಸ್ತಿ ಪ್ರಯತ್ನಗಳೇ ಅದನ್ನು ಇನ್ನಷ್ಟು ಹಾಳುಮಾಡಬಹುದು. ಡೇಟಾ ಮುಖ್ಯವಾಗಿದ್ದರೆ ಮರುಪಡೆಯುವ ತಜ್ಞರಿಗೆ ಕೊಡಿ.

ಒಟ್ಟಾರೆ ಹೇಳುವುದಾದರೆ

ಲಿನಕ್ಸ್‌ನಲ್ಲಿ ಡಿಸ್ಕ್ ತಾನಾಗಿ ತೆರೆಯದಿದ್ದರೆ ಅದು ಹಾಳಾಗಿದೆ ಎಂಬ ಮಾತು ಎಲ್ಲ ಸಂದರ್ಭದಲ್ಲೂ ನಿಜವಲ್ಲ. ಫಾರ್ಮ್ಯಾಟ್ ಕೊನೆಯ ದಾರಿ, ಅದೂ ಡೇಟಾ ಬೇಡ ಎಂದಾದರೆ ಮಾತ್ರ. ಮುಂದಿನ ಬಾರಿ ಯಾರಾದರೂ "ಫಾರ್ಮ್ಯಾಟ್ ಮಾಡಿ" ಎಂದರೆ, ಮೊದಲು 'ಡಿಸ್ಕ್ಸ್' ತೆರೆದು ನೋಡಲು ಹೇಳಿ.