ದೂರದ ಗಣಕವನ್ನು ಎಬ್ಬಿಸುವವರಾರು?

ಊರಿನ ಮನೆಯಲ್ಲಿರುವ ಗಣಕಯಂತ್ರವನ್ನು ಪರಊರಿನಿಂದ ನಡೆಸಲು ಸಲಕರಣೆ ಹುಡುಕುತ್ತಿದ್ದೀರಾ? ಹಾಗಿದ್ದರೆ 1969ರ ಅಕ್ಟೋಬರ್ 29ರ ರಾತ್ರಿಯ ಕಥೆಯನ್ನು ಮೊದಲು ಕೇಳಿ.

ಅಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕೀಲಿಮಣೆಯ ಮುಂದೆ ಕುಳಿತಿದ್ದರು. ಸುಮಾರು 500 ಕಿಲೋಮೀಟರು ಆಚೆ, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕದ ಬಳಿ ಬಿಲ್ ಡುವಾಲ್ ಇದ್ದರು. ಇಬ್ಬರ ಕಿವಿಗೂ ದೂರವಾಣಿ. 'ಲಾಗಿನ್' ಎಂದು ಬರೆಯಹೊರಟರೆ, ಇಂಗ್ಲಿಷಿನ 'ಎಲ್' ಮತ್ತು 'ಓ' ಎರಡೇ ಅಕ್ಷರ ದಾಟುವಷ್ಟರಲ್ಲಿ ಆಚೆಯ ಗಣಕ ನಿಂತುಹೋಯಿತು. ಸರಿಪಡಿಸಲು ಡುವಾಲ್ ಅಲ್ಲೇ ಇದ್ದರು. ಗಂಟೆಯೊಂದು ಕಳೆದ ಮೇಲೆ ಸಂಪರ್ಕ ಕೂಡಿಬಂತು. ಅವರಿಲ್ಲದಿದ್ದರೆ?

ಸಂದೇಶ ಸಾಗಿಸುವ ಹೊರೆಯನ್ನು ಮುಖ್ಯ ಗಣಕದ ಮೇಲೆ ಹಾಕದೆ, ಪಕ್ಕದಲ್ಲಿ ಹನಿವೆಲ್ 516 ಎಂಬ 'ಪುಟ್ಟ' ಗಣಕವನ್ನು (ಬೀರುವಿನಷ್ಟು ಗಾತ್ರ!) ಇರಿಸಿದ್ದರು. 1967ರಲ್ಲಿ ವೆಸ್ಲಿ ಕ್ಲಾರ್ಕ್ ಕೊಟ್ಟ ಸಲಹೆಯಿದು. ಅಣ್ಣ ಮಲಗಿದರೂ ತಮ್ಮ ಎಚ್ಚರವಾಗಿರುತ್ತಿದ್ದ. ಆದರೆ ಅಣ್ಣನನ್ನು ಎಬ್ಬಿಸುವ ಶಕ್ತಿ ಅವನಿಗಿರಲಿಲ್ಲ.

ಆ ಕೆಲಸಕ್ಕೆ ಮುಂದೆ ಸರ್ವರ್‌ಗಳಲ್ಲೇ ಪ್ರತ್ಯೇಕ ಚಿಪ್ ಬಂತು. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಅದಕ್ಕೆ ಐಪಿಎಂಐ ಎಂಬ ಸಮಾನ ನಿಯಮ ರೂಪಿಸಿದವು. ವಿದ್ಯುತ್ ಇದ್ದರೆ ಸಾಕು, ಬಂದ್ ಆಗಿರುವ ಗಣಕವನ್ನೂ ಅದು ಚಾಲೂ ಮಾಡಬಲ್ಲದು.

ಮನೆಯ ಗಣಕದಲ್ಲಿ ಸಾಮಾನ್ಯವಾಗಿ ಇದಿಲ್ಲ. ಅಂಗೈಯಗಲದ ಐಪಿ ಕೆವಿಎಂ ಪೆಟ್ಟಿಗೆ ಕೊಳ್ಳಬೇಕು. ಅದು ಪರದೆಯ ಚಿತ್ರವನ್ನು ನಿಮಗೂ, ನಿಮ್ಮ ಕೀಲಿಯೊತ್ತನ್ನು ಗಣಕಕ್ಕೂ ತಲುಪಿಸುತ್ತದೆ. ಪವರ್ ಗುಂಡಿಗೆ ಜೋಡಿಸುವ ತಂತಿ ಜೊತೆಗಿದೆಯೇ ನೋಡಿ. ಇಲ್ಲದಿದ್ದರೆ ಸ್ತಬ್ಧವಾದ ಗಣಕದ ಚಿತ್ರ ನೋಡುತ್ತ ಕೂರಬೇಕಾದೀತು! ಗುಪ್ತಪದ ಕದ್ದವನಿಗೂ ಅದೇ ಗುಂಡಿ ಸಿಗುವುದರಿಂದ, ಪೆಟ್ಟಿಗೆಯನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡದೆ ವಿಪಿಎನ್ ಹಿಂದೆ ಇರಿಸಿ.