ಥೈರಾಯ್ಡ್ ಇದ್ದರೆ ಕಣ್ಣಿನ ಕಾರ್ನಿಯಾ ತೆಳುವಾಗುತ್ತದೆಯೇ? ಇಲ್ಲಿದೆ ಸತ್ಯಾಂಶ

ಸಾರಾಂಶ
‘ಥೈರಾಯ್ಡ್ ಇದ್ದವರಿಗೆ ಕೆರಟೋಕೋನಸ್ ಬರುತ್ತದೆ, ಥೈರಾಯ್ಡ್ ಸರಿಹೋದರೆ ಕಣ್ಣೂ ಸರಿಹೋಗುತ್ತದೆ’ ಎಂಬ ಮಾತನ್ನು ನಾವು ಪರಿಶೀಲಿಸಿದೆವು. ಎರಡರ ನಡುವೆ ನಂಟಿರಬಹುದು ಎನ್ನುವ ಸುಳಿವುಗಳಿವೆ. ಆದರೆ ಒಂದರಿಂದ ಇನ್ನೊಂದು ಬರುತ್ತದೆ ಎಂಬುದು ಸಾಬೀತಾಗಿಲ್ಲ. ಥೈರಾಯ್ಡ್ ಮಾತ್ರೆಯಿಂದ ಕಾರ್ನಿಯಾ ಸರಿಹೋಗುತ್ತದೆ ಎಂಬುದಂತೂ ತಪ್ಪು.

ಕೆರಟೋಕೋನಸ್ ಎಂದರೇನು?
ಕಣ್ಣಿನ ಮುಂಭಾಗದಲ್ಲಿರುವ, ಗಾಜಿನಂಥ ಪಾರದರ್ಶಕ ಪದರವೇ ಕಾರ್ನಿಯಾ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೆರಟೋಕೋನಸ್‌ನಲ್ಲಿ ಅದು ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದು, ಒಂದೇ ಅಕ್ಷರಕ್ಕೆ ನೆರಳು ಬಿದ್ದಂತೆ ಕಾಣುವುದು, ರಾತ್ರಿ ದೀಪದ ಬೆಳಕು ಚದುರುವುದು ಇದರ ಲಕ್ಷಣಗಳು.

ಥೈರಾಯ್ಡ್ ಜೊತೆ ನಂಟಿದೆಯೇ?
1990ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೆರಟೋಕೋನಸ್ ಇದ್ದವರ ಕಣ್ಣೀರಿನಲ್ಲಿ ಥೈರಾಕ್ಸಿನ್ ಹಾರ್ಮೋನಿನ ಪಾತ್ರವಿರಬಹುದೇ ಎಂಬ ಪ್ರಶ್ನೆ ಎತ್ತಿತು. ಕಾರ್ನಿಯಾದಲ್ಲಿ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳಿವೆ ಎಂದು ನಂತರದ ಸಂಶೋಧನೆ ಹೇಳಿತು. ಗರ್ಭಿಣಿಯರಲ್ಲಿ ಹಾರ್ಮೋನ್ ಏರುಪೇರಾದಾಗ ಕಾಯಿಲೆ ಹೆಚ್ಚಿದ ಉದಾಹರಣೆಗಳೂ ದಾಖಲಾಗಿವೆ. ಆದರೆ ಇಬ್ಬರನ್ನೂ ಹೋಲಿಸಿದ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಥೈರಾಯ್ಡ್ ಇರುವ ಹೆಚ್ಚಿನವರಿಗೆ ಕೆರಟೋಕೋನಸ್ ಬರುವುದೇ ಇಲ್ಲ.

ಕಣ್ಣು ಉಬ್ಬುವುದೂ ಇದೂ ಒಂದೇ ಅಲ್ಲವೇ?
ಅಲ್ಲ. ಗ್ರೇವ್ಸ್ ಎಂಬ ಥೈರಾಯ್ಡ್ ಕಾಯಿಲೆಯಲ್ಲಿ ಕಣ್ಣಿನ ಹಿಂದಿನ ಸ್ನಾಯು, ಕೊಬ್ಬು ಊದಿಕೊಂಡು ಇಡೀ ಕಣ್ಣುಗುಡ್ಡೆ ಮುಂದಕ್ಕೆ ಬರುತ್ತದೆ. ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಇನ್ನಷ್ಟು ಹದಗೆಡುತ್ತದೆ. ಕೆರಟೋಕೋನಸ್‌ನಲ್ಲಿ ಉಬ್ಬುವುದು ಕಾರ್ನಿಯಾ ಮಾತ್ರ.

ನಿಜವಾದ ಅಪಾಯ ಯಾವುದು?
ಕಣ್ಣುಜ್ಜುವುದು. ಅಲರ್ಜಿ, ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೆ ಈ ಕಾಯಿಲೆ ಇರುವುದು ಕೂಡ ಅಪಾಯ ಹೆಚ್ಚಿಸುತ್ತವೆ. ರೋಣ, ಗಜೇಂದ್ರಗಡ ಭಾಗದ ಇಟಗಿಯಂಥ ಊರುಗಳಲ್ಲಿ ಜೋಳ, ಕಡಲೆ ರಾಶಿಯ ದಿನಗಳಲ್ಲಿ ಧೂಳು ಹೆಚ್ಚು. ಕಣ್ಣು ತುರಿಸಿದರೆ ಉಜ್ಜದೆ, ಶುದ್ಧವಾದ ತಣ್ಣೀರಿನಿಂದ ತೊಳೆಯಿರಿ. ತುರಿಕೆ ನಿಲ್ಲದಿದ್ದರೆ ವೈದ್ಯರಿಂದ ಹನಿ ಔಷಧ ಬರೆಸಿಕೊಳ್ಳಿ.

ಥೈರಾಯ್ಡ್ ಮಾತ್ರೆ ಬಿಡಬೇಕೇ?
ಖಂಡಿತ ಬೇಡ. ಫಾರ್ವರ್ಡ್ ಸಂದೇಶ ಓದಿ ಮಾತ್ರೆ ನಿಲ್ಲಿಸಿದರೆ, ಅದರಲ್ಲೂ ಗರ್ಭಿಣಿಯರು ನಿಲ್ಲಿಸಿದರೆ, ತಾಯಿ ಮಗು ಇಬ್ಬರಿಗೂ ತೊಂದರೆ. ಮಾತ್ರೆಯ ಪ್ರಮಾಣವನ್ನು ಟಿಎಸ್‌ಎಚ್ ಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಪರೀಕ್ಷೆ, ಚಿಕಿತ್ಸೆ ಏನು?
ಕಾರ್ನಿಯಾದ ಆಕಾರ ಅಳೆಯುವ ‘ಟೊಪೋಗ್ರಫಿ’ ಸ್ಕ್ಯಾನ್‌ನಿಂದ ಕಾಯಿಲೆ ಬೇಗ ಪತ್ತೆಯಾಗುತ್ತದೆ. ಇದರಲ್ಲಿ ನೋವಿಲ್ಲ. ಕಾಯಿಲೆ ಹೆಚ್ಚುತ್ತಿದ್ದರೆ ‘ಕ್ರಾಸ್‌ಲಿಂಕಿಂಗ್’ ಮಾಡುತ್ತಾರೆ. ಬಿ2 ಜೀವಸತ್ವದ ಹನಿ ಹಾಕಿ, ಅತಿನೇರಳೆ ಕಿರಣ ಬಿಟ್ಟು ಕಾರ್ನಿಯಾವನ್ನು ಗಟ್ಟಿಗೊಳಿಸುವ ವಿಧಾನವಿದು. ಕಾಯಿಲೆ ಮುಂದುವರಿಯುವುದನ್ನು ಇದು ತಡೆಯುತ್ತದೆ, ಹೋದ ದೃಷ್ಟಿಯನ್ನು ಪೂರ್ತಿ ಮರಳಿಸುವುದಿಲ್ಲ. ತಡ ಮಾಡಿದವರಿಗೆ ಕೊನೆಗೆ ಕಾರ್ನಿಯಾ ಕಸಿ ಬೇಕಾಗಬಹುದು. ಈ ಭಾಗದವರು ಮೊದಲು ಗದಗ ಜಿಮ್ಸ್‌ನ ಕಣ್ಣಿನ ವಿಭಾಗದಲ್ಲಿ ತೋರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆಯಂಥ ದೊಡ್ಡ ಕಣ್ಣಾಸ್ಪತ್ರೆಗಳಿವೆ.

ನಮ್ಮ ತೀರ್ಮಾನ
ಈ ಮಾತು ಅರ್ಧ ಸತ್ಯ. ಥೈರಾಯ್ಡ್‌ಗೆ ಥೈರಾಯ್ಡ್ ಚಿಕಿತ್ಸೆ, ಕಣ್ಣಿಗೆ ಕಣ್ಣಿನ ಪರೀಕ್ಷೆ, ಎರಡೂ ಬೇಕು. ಮಕ್ಕಳ ಕನ್ನಡಕದ ನಂಬರ್ ವರ್ಷದೊಳಗೇ ಮತ್ತೆ ಮತ್ತೆ ಬದಲಾಗುತ್ತಿದ್ದರೆ ಹೊಸ ಕನ್ನಡಕ ಕೊಡಿಸಿ ಸುಮ್ಮನಾಗಬೇಡಿ. ಕಾರ್ನಿಯಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.