ಅಕ್ಕನ ಮದುವಿ ಕ್ಯಾಸೆಟ್ಟು ಡಿಸ್ಕಿಗೆ ಬಂದ ಕತಿ

ಹೋದ ದೀಪಾವಳಿಗೆ ಸುಣ್ಣ ಹಚ್ಚಾಕ ಅಂತ ಅಟ್ಟದ ಮ್ಯಾಲಿನ ಟ್ರಂಕು ಕೆಳಗ ಇಳಿಸಿದಾಗ ಅದರೊಳಗ ಐದು ಸಾಮಾನು ಸಿಕ್ವು. ಒಂದು ಕರೀ ವಿಡಿಯೋ ಕ್ಯಾಸೆಟ್ಟು, ಮೂರು ವಿ.ಸಿ.ಡಿ., ಒಂದು ಡಿ.ವಿ.ಡಿ. ಐದರೊಳಗೂ ಇದ್ದದ್ದು ಒಂದ ಸಂಗತಿ: 1994ರ ಬ್ಯಾಸಗಿಯೊಳಗ ಆದ ನಮ್ಮ ಅಕ್ಕನ ಮದುವಿ.

ಅವ್ವ ಪಡಸಾಲಿಯೊಳಗ ಜ್ವಾಳಾ ಹಸನ ಮಾಡ್ಕೋತ ಕುಂತಿದ್ಲು. ನೋಡಿದಾಕಿನ, "ಅದರಾಗ ಆಯಿ ಹಾಡಿದ್ದೈತಲ್ಲೋ ತಮ್ಮಾ, ಒಂದೀಟು ಹಚ್ಚು, ಕೇಳೂಣು" ಅಂದ್ಲು. ನಮ್ಮ ಆಯಿ ತೀರಿಕೊಂಡದ್ದು 1997ರಾಗ. ಆಕಿ ದನಿ ಬ್ಯಾರೆ ಎಲ್ಲೂ ಉಳದಿಲ್ಲ. ಹಚ್ಚಾಕ ಹೋದ್ರ ಐದರೊಳಗ ಒಂದೂ ನೆಟ್ಟಗ ಹತ್ತಲಿಲ್ಲ. ಯಾಕ ಹತ್ತಲಿಲ್ಲ ಅಂತ ಹುಡುಕಿಕೋತ ಹೋದಾಗ ನಮ್ಮ ಮನಿ ಮೂವತ್ತು ವರ್ಷದ ಇತಿಹಾಸಾನ ಬಿಚ್ಚಿಕೊಂಡು ಕುಂತಂಗಾತು. ಅದನ್ನ ಇಲ್ಲೆ ಬರೀತೀನಿ. ನಿಮ್ಮ ಮನ್ಯಾಗೂ ಇಂಥಾದೊಂದು ಟ್ರಂಕು ಇದ್ದೀತು.

ಕ್ಯಾಸೆಟ್ಟಿನ ಕಾಲ

ವಿ.ಎಚ್.ಎಸ್. ಅನ್ನೂ ಈ ಕ್ಯಾಸೆಟ್ಟನ್ನ ಜಪಾನಿನ ಜೆ.ವಿ.ಸಿ. ಕಂಪನಿ 1976ರಾಗ ಪ್ಯಾಟಿಗೆ ತಂತು. ಅದಕ್ಕೂ ಒಂದು ವರ್ಷ ಮೊದಲ ಸೋನಿಯವರ ಬೀಟಾಮ್ಯಾಕ್ಸ್ ಬಂದಿತ್ತು. ವಿ.ಎಚ್.ಎಸ್. ಕ್ಯಾಸೆಟ್ಟಿನೊಳಗ ಹೆಚ್ಚು ಹೊತ್ತು ರೆಕಾರ್ಡ್ ಆಗ್ತಿತ್ತು. ಅದು ಗೆಲ್ಲಾಕ ಇದೂ ಒಂದು ದೊಡ್ಡ ಕಾರಣ.

ನಮ್ಮ ದೇಶಕ್ಕ ಬಣ್ಣದ ಟಿ.ವಿ. ಬಂದದ್ದು 1982ರಾಗ, ದಿಲ್ಲಿ ಏಶಿಯನ್ ಗೇಮ್ಸ್ ವರ್ಷ. ಆವಾಗ ನಾವು ಆರಿಸಿಕೊಂಡ ಪದ್ಧತಿ ಪಾಲ್. ಪರದೆ ಮ್ಯಾಲ 625 ಗೆರಿ, ಸೆಕೆಂಡಿಗೆ 25 ಚಿತ್ರ. ಅಮೆರಿಕಾ, ಜಪಾನಿನವರದು ಎನ್.ಟಿ.ಎಸ್.ಸಿ. ಅಲ್ಲೆ 525 ಗೆರಿ, ಸೆಕೆಂಡಿಗೆ ಹತ್ತತ್ರ 30 ಚಿತ್ರ. ಈ 25 ಮತ್ತು 30ರ ಲೆಕ್ಕ ಮುಂದ ನನ್ನ ಎರಡು ಡಿಸ್ಕು ನುಂಗಿತು. ಅದನ್ನ ಆಮ್ಯಾಲ ಹೇಳ್ತೀನಿ.

ಮದುವಿಗೆ ಹೆಗಲ ಮ್ಯಾಲ ದೊಡ್ಡ ಕ್ಯಾಮೆರಾ ಹೊತ್ತಂವ ಒಬ್ಬ, ಅವನ ಹಿಂದ ಕಣ್ಣ ಕುಕ್ಕೂವಂಥಾ ಲೈಟು ಹಿಡದ ಹುಡುಗ ಒಬ್ಬ ಬಂದಿದ್ರು. ಆಯಿ ಮೊದಲ ಆ ಹುಡುಗಗ, "ಕಣ್ಣಾಗ ಬೆಂಕಿ ಹಾಕಬ್ಯಾಡೋ" ಅಂತ ಬೈದು, ಆಮ್ಯಾಲ ಸೋಬಾನ ಪದ ಹಾಡಿದ್ಲು. ಎಲ್ಲಾ ಸೇರಿ ಮೂರು ತಾಸಿನ ಕ್ಯಾಸೆಟ್ಟು. ನಮ್ಮ ಮನ್ಯಾಗ ವಿ.ಸಿ.ಆರ್. ಇರಲಿಲ್ಲ. ವರ್ಷಕ್ಕೊಮ್ಮೆ ಒಂದು ರಾತ್ರಿ ಬಾಡಿಗಿಗೆ ತಂದು, ಓಣಿ ಮಂದೀನ್ನೆಲ್ಲಾ ಕೂಡ್ಸಿಕೊಂಡು ನೋಡ್ತಿದ್ವಿ.

ಕ್ಯಾಸೆಟ್ಟಿನ ಗುಣ ಏನಂದ್ರ, ಪ್ಲಾಸ್ಟಿಕ್ ಪಟ್ಟಿಗೆ ಅಯಸ್ಕಾಂತದ ಪುಡಿ ಅಂಟಿನಿಂದ ಹಿಡಕೊಂಡು ಕುಂತಿರ್ತೈತಿ. ಪ್ರತಿ ಸಲ ಹಚ್ಚಿದಾಗ ಅದು ಯಂತ್ರದ ತಲಿಗೆ ತಿಕ್ಕತೈತಿ, ಸವೀತೈತಿ. ಹಚ್ಚದ ಇಟ್ರ ಮಳಿಗಾಲದ ತಂಪಿಗೆ ಬೂಷ್ಟು ಹಿಡೀತೈತಿ. ಎಂಟು ವರ್ಷಕ್ಕ ಚಿತ್ರದ ಕೆಳಗ ಬಿಳೇ ಗೆರಿ ಹರಿದಾಡಾಕ ಹತ್ತಿದ್ವು.

ಬೆಳ್ಳಿ ಗಂಗಾಳ

2002ರಾಗ ಅಪ್ಪ ಅದನ್ನ ಸ್ಟುಡಿಯೋಕ್ಕ ಕೊಟ್ಟು ವಿ.ಸಿ.ಡಿ. ಮಾಡ್ಸಿದ. ವಿ.ಸಿ.ಡಿ. ಅನ್ನೂದು 1993ರ ಪದ್ಧತಿ. ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆ.ವಿ.ಸಿ. ನಾಕೂ ಕಂಪನಿ ಕೂಡಿ ಮಾಡಿದ್ದು. ಹಾಡಿಗಂತ ಮಾಡಿದ ಸಿ.ಡಿ.ಯೊಳಗ ಚಲಿಸೂ ಚಿತ್ರ ಹಿಂಡಿ ತುಂಬೂ ಉಪಾಯ ಅದು. ಒಂದು ಡಿಸ್ಕಿನೊಳಗ 74 ನಿಮಿಷ, ಅದಕ್ಕ ಮೂರು ತಾಸಿಗೆ ಮೂರು ಡಿಸ್ಕು. ಅಮೆರಿಕಾದಾಗ ಅದು ಓಡಲಿಲ್ಲ. ಚೀನಾದಾಗ, ಆಗ್ನೇಯ ಏಶಿಯಾದಾಗ, ನಮ್ಮಲ್ಲೆ ಮನಿ ಮನಿಗೆ ಹೊಕ್ಕಿತು. ಪ್ಲೇಯರ್ ಸೋವಿ, ಡಿಸ್ಕು ಸೋವಿ, ಬೂಷ್ಟಿನ ಕಾಟ ಇಲ್ಲ.

ಸೋವಿ ಅಂದಮ್ಯಾಲ ಕೊರತಿ ಇರೂದ. ಚಿತ್ರದ ಅಳತಿ 352 × 288 ಚುಕ್ಕಿ, ಅಂದ್ರ ಟಿ.ವಿ. ಚಿತ್ರದ ಕಾಲು ಪಾಲು. ಎಂ.ಪಿ.ಇ.ಜಿ. ಅನ್ನೂ ಹಿಂಡೂ ವಿದ್ಯೆ ಪ್ರತಿ ಚಿತ್ರಾನೂ ಪೂರ್ತಿ ಬರಕೊಳ್ಳೂದಿಲ್ಲ. ಹಿಂದಿನ ಚಿತ್ರಕ್ಕೂ ಇದಕ್ಕೂ ಏನು ಬದಲಾತೋ ಅಷ್ಟ ಬರಕೋತೈತಿ. ಎಲ್ಲಾರೂ ಸುಮ್ನ ಕುಂತಿದ್ರ ಚಿತ್ರ ಚಂದ. ಅಕ್ಕಿಕಾಳು ಬೀಳೂ ಹೊತ್ತಿಗೆ ಮಾತ್ರ ಸಾವಿರ ಕಾಳು ಒಮ್ಮೆಲೆ ಹಾರತಾವ, ಎಲ್ಲಾ ಬದಲಾಗತೈತಿ, ಬರಕೊಳ್ಳಾಕ ಜಾಗಾ ಸಾಲೂದಿಲ್ಲ. ಅಕ್ಕ ಮಾವನವರ ಮಾರಿ ಚೌಕ ಚೌಕ ಆಗಿ ಒಡೀತಿತ್ತು. ಅವ್ವ, "ಇದೇನಿದು, ಕೌದಿ ಹೊಲದಂಗ ಕಾಣ್ತಾರಲ್ಲ" ಅಂತಿದ್ಲು.

ಇನ್ನೊಂದು ಗುಟ್ಟು ಐತಿ. 700 ಎಂ.ಬಿ. ಅಂತ ಬರದ ಡಿಸ್ಕಿನ್ಯಾಗ ವಿ.ಸಿ.ಡಿ. ಆದ್ರ ಸುಮಾರು 800 ಎಂ.ಬಿ. ಹಿಡಿಸತೈತಿ. ಹೆಂಗಂದ್ರ, ಕಾಗದಪತ್ರ ಇಡೂ ಡಿಸ್ಕಿನೊಳಗ ಗೀರು ಬಿದ್ರೂ ತಿದ್ದಿಕೊಳ್ಳಾಕ ಅಂತ ಒಂದಿಷ್ಟು ಜಾಗಾ ತಗದಿಟ್ಟಿರ್ತಾರ. ಚಿತ್ರದಾಗ ಒಂದು ಚುಕ್ಕಿ ತಪ್ಪಿದ್ರ ಏನಾತು ಅಂತ ಆ ಜಾಗಾದಾಗೂ ಚಿತ್ರಾನ ತುಂಬಿದ್ರು. ಅದಕ್ಕ ವಿ.ಸಿ.ಡಿ.ಗೆ ಸಣ್ಣ ಗೀರು ಬಿದ್ರೂ ತಡಿಯೂದಿಲ್ಲ.

ನಮ್ಮ ಮೂರನೇ ಡಿಸ್ಕು ಸುರೂ ಆಗೂದು ಆಯಿ ಹಾಡಿನಿಂದ, ಮುಗಿಯೂದು ಅಕ್ಕನ್ನ ಗಂಡನ ಮನಿಗೆ ಕಳಿಸೂದರಿಂದ. ಅಲ್ಲೆ ಅಪ್ಪ ಬೀಗರ ಕೈ ಹಿಡದು ಏನೋ ಮಾತಾಡ್ತಾನ. ಸರಿಯಾಗಿ ಅಲ್ಲೆ ಡಿಸ್ಕು ನಿಂತುಬಿಡ್ತಿತ್ತು. ನಾ ಸ್ಟುಡಿಯೋದಂವನ ಕೂಡ ಹೋಗಿ ಜಗಳಾ ತಗದಿದ್ದೆ. ತಪ್ಪು ಅವಂದಲ್ಲ, ನಂದು ಅಂತ ಗೊತ್ತಾಗಾಕ ವರ್ಷಗಟ್ಟಲೆ ಹಿಡೀತು. ಸಿ.ಡಿ.ಯೊಳಗ ಬೆಳಕು ಹೊಳ್ಳಿಸೂ ಪದರ ಇರೂದು ಕೆಳಗಲ್ಲ, ಹೆಸರು ಬರಿಯೂ ಮ್ಯಾಲಿನ ಬದಿಗೆ, ತೆಳ್ಳನ ಬಣ್ಣದ ಕೆಳಗ. ನಾ ಜಾಣತನದಿಂದ ಆ ಬದಿಗೆ, ಹೊರಗಿನ ಅಂಚಿನ ಗುಂಟ, ಬಾಲ್‌ಪೆನ್ನು ಒತ್ತಿ "ಅಕ್ಕನ ಮದುವಿ 3" ಅಂತ ಬರದಿದ್ದೆ.

ಮನ್ಯಾಗ ಸುಡೂ ಕಾಲ

2006ರಾಗ ಮನಿಗೆ ಡಿ.ವಿ.ಡಿ. ರೈಟರ್ ಇದ್ದ ಕಂಪ್ಯೂಟರ್ ಬಂತು. ಡಿ.ವಿ.ಡಿ. 1996ರಾಗ ಜಪಾನಿನೊಳಗ ಮಾರಾಟಕ್ಕ ಬಂದಿತ್ತು. ನಮ್ಮೂರಿಗೆ ಬರಾಕ ಹತ್ತು ವರ್ಷ. ಕ್ಯಾಸೆಟ್ಟು ಇನ್ನೂ ಜೀವ ಹಿಡಕೊಂಡಿತ್ತು. ಗೆಳೆಯನ ಹಂತ್ಯಾಕ ವಿ.ಸಿ.ಆರ್. ಇಸಕೊಂಡು, ಕ್ಯಾಪ್ಚರ್ ಕಾರ್ಡಿನಿಂದ ಮೂರು ತಾಸೂ ಕಂಪ್ಯೂಟರಿಗೆ ಇಳಿಸಿದೆ. ಇನ್ನೇನು ಡಿಸ್ಕಿಗೆ ಹಾಕಿದ್ರ ಆತು ಅಂದ್ಕೊಂಡೆ.

ಮೊದಲನೇ ಡಿಸ್ಕು: ಫೈಲನ್ನ ಹಂಗ ಎಳದು ಡಿಸ್ಕಿಗೆ ಸುಟ್ಟೆ. ಪ್ಲೇಯರಿಗೆ ಹಾಕಿದ್ರ "ನೋ ಡಿಸ್ಕ್". ಗಂಗಾಳದಾಗ ಜ್ವಾಳಾ ಸುರವಿ ಉಣ್ಣು ಅಂದಂಗಾತು. ಜ್ವಾಳಾ ಬೀಸಬೇಕು, ರೊಟ್ಟಿ ಬಡೀಬೇಕು, ಆಮ್ಯಾಲ ಬಡಿಸೂದು. ಹಂಗ ಫೈಲನ್ನ ಮೊದಲ ಎಂ.ಪಿ.ಇ.ಜಿ.-2ಕ್ಕ ಬದಲಿ ಮಾಡಬೇಕು. ಅದನ್ನ ವಿಡಿಯೋ_ಟಿ.ಎಸ್. ಅನ್ನೂ ಫೋಲ್ಡರಿನೊಳಗ ಚಿತ್ರದ ವಿ.ಒ.ಬಿ. ಫೈಲು, ದಾರಿ ತೋರಿಸೂ ಐ.ಎಫ್.ಒ. ಫೈಲು ಅಂತ ಜೋಡಿಸಬೇಕು. ಆಮ್ಯಾಲ ಸುಡೂದು. ಮೂರೂ ಬ್ಯಾರೆ ಬ್ಯಾರೆ ಕೆಲಸ. ಮುಖದ ಮ್ಯಾಲ ಡಿವ್‌ಎಕ್ಸ್ ಅಂತ ಬರದ ಪ್ಲೇಯರ್ ಇದ್ದೋರಿಗೆ ಹಸೀ ಫೈಲೂ ಒಂದೊಂದು ಸಲ ನಡೀತಿತ್ತು. ನಮ್ಮದು ಅಂಥಾದ್ದಲ್ಲ.

ಎರಡನೇದು, ಮೂರನೇದು: ಬದಲಿ ಮಾಡೂ ಸಾಫ್ಟ್‌ವೇರಿನ್ಯಾಗ ಮೊದಲ ಇದ್ದದ್ದು ಎನ್.ಟಿ.ಎಸ್.ಸಿ. ನಾ ನೋಡದ ಒತ್ತಿದೆ. ನಮ್ಮ ಹಳೀ ಟಿ.ವಿ.ಯೊಳಗ ಚಿತ್ರ ಕರಿಬಿಳುಪಾಗಿ ಮ್ಯಾಲ ಉರುಳಾಕ ಹತ್ತಿತು. ಡಿಸ್ಕು ಕೆಟ್ಟೈತಿ ಅಂತ ಇನ್ನೊಂದು ಸುಟ್ಟೆ, ಅದೂ ಹಂಗ. ಪಾಲ್ ಅಂತ ಆರಿಸಿದಮ್ಯಾಲ ನೆಟ್ಟಗಾತು.

ನಾಕನೇದು: ಚಿತ್ರ ಚಲೋ ಬಂತು. ಆದ್ರ ಅಯ್ಯನೋರು ಬಾಯಿ ಮುಚ್ಚಿದಮ್ಯಾಲ ಮಂತ್ರ ಕೇಳಿಸಾಕ ಹತ್ತಿತು! ಸುರುವಿಗೆ ಸರಿ, ಬರಬರತಾ ತಪ್ಪು. ಇಳಿಸೂವಾಗ ಕಂಪ್ಯೂಟರಿಗೆ ದಮ್ಮು ಸಾಲದ ನಡು ನಡು ಚಿತ್ರ ಬಿಟ್ಟಿತ್ತು, ಧ್ವನಿ ಮಾತ್ರ ಬಿಡದ ಓಡಿತ್ತು. ಬ್ಯಾರೆ ಎಲ್ಲಾ ಪ್ರೋಗ್ರಾಮು ಬಂದ್ ಮಾಡಿ ಮತ್ತ ಇಳಿಸಬೇಕಾತು.

ಐದನೇ ಸಲ ಬದಲಿ ಮಾಡಾಕ ರಾತ್ರಿ ಹಚ್ಚಿ ಮಲಗಿದೆ. ನಸುಕಿನ್ಯಾಗ ಕರೆಂಟು ಹೋತು. ಡಿಸ್ಕು ಉಳೀತು, ರಾತ್ರಿ ಹೋತು.

ಆಮ್ಯಾಲ ಬಂದದ್ದು ಜಾಗಾದ ಪಂಚಾಯ್ತಿ. ಡಬ್ಬಿ ಮ್ಯಾಲ 4.7 ಜಿ.ಬಿ. ಅಂತಿರ್ತೈತಿ, ಕಂಪ್ಯೂಟರ್ ಎಣಿಸೂ ಲೆಕ್ಕದಾಗ ಅದು 4.38. ಮೂರು ತಾಸನ್ನ ಅದರಾಗ ತುಂಬಿದ್ರ ಅಕ್ಕಿಕಾಳಿನ ಹೊತ್ತಿಗೆ ಮತ್ತ ಕೌದಿ. ಗೆಳೆಯ ಒಂದು ಉಪಾಯ ಹೇಳಿದ: ವಿ.ಎಚ್.ಎಸ್. ಕ್ಯಾಸೆಟ್ಟಿನ್ಯಾಗ ಅಡ್ಡಕ್ಕ ಅಷ್ಟು ಸೂಕ್ಷ್ಮ ಇರೂದ ಇಲ್ಲ. 720 × 576 ಯಾಕ ಬೇಕು, 352 × 576 ಇಡು, ಡಿ.ವಿ.ಡಿ. ಅದನ್ನೂ ಒಪ್ಪತೈತಿ. ಖರೇನ ಸುಧಾರಿಸಿತು. ಮಜ್ಜಿಗಿಗೆ ನೀರು ಹಾಕಿದ್ರ ಗಡಿಗಿ ತುಂಬತೈತಿ, ಬೆಣ್ಣಿ ಹೆಚ್ಚಾಗೂದಿಲ್ಲ. ಮೂಲದಾಗ ಇಲ್ಲದ್ದನ್ನ ಯಾವ ಸಾಫ್ಟ್‌ವೇರೂ ತಂದು ಕೊಡೂದಿಲ್ಲ.

ಸುಡೂದು ಮಾತ್ರ ಆ ಹೊತ್ತಿಗೆ ಹಗುರಾಗಿತ್ತು. ಮೊದಲಿನ ರೈಟರಿಗೆ ನಡುವ ಮಾಹಿತಿ ಬರೂದು ಒಂದು ಕ್ಷಣ ತಡಾ ಆದ್ರೂ ಡಿಸ್ಕು ಹಾಳು. 2000ದಾಗ ಸ್ಯಾನ್ಯೋ ಕಂಪನಿ ನಿಂತಲ್ಲಿಂದ ಮತ್ತ ಸುರೂ ಮಾಡೂ ಉಪಾಯ ತಂದು ಆ ಕಾಟ ತಪ್ಪಿಸಿತ್ತು. ನಾ 16 ಪಟ್ಟು ವೇಗದಾಗ ಸುಟ್ಟ ಸೋವಿ ಡಿಸ್ಕು ಕೊನೀಗೆ ತಡವರಿಸಿತು. 4 ಪಟ್ಟಿಗೆ ಇಳಿಸಿ, ಫೈನಲೈಜ್ ಮಾಡಿ ಸುಟ್ಟದ್ದು ಪ್ಲೇಯರಿನ್ಯಾಗ ಕೊನೀತನಕ ಓಡಿತು. ಫೈನಲೈಜ್ ಅಂದ್ರ ಡಿಸ್ಕಿನ ಬಾಯಿ ಹೊಲಿಯೂದು. ಅದು ಆಗದ ಇದ್ರ ಸುಟ್ಟ ರೈಟರಿನ್ಯಾಗ ಅಷ್ಟ ಕಾಣತೈತಿ, ಟಿ.ವಿ. ಹಂತ್ಯಾಕಿನ ಪ್ಲೇಯರಿನ್ಯಾಗ ಕಾಣೂದಿಲ್ಲ.

ಆ ದೀಪಾವಳಿ ರಾತ್ರಿ ಮಂದಿ ಕೂಡಿ ನೋಡಿದ್ವಿ. ಆಯಿ ಹಾಡಿದ್ಲು. ಕೊನೀಗೆ ಅಪ್ಪ ಬೀಗರ ಕೈ ಹಿಡದು, "ಹುಡುಗಿ ಹಸಿವಿಗೆ ತಡಿಯೂದಿಲ್ರೀ, ಸ್ವಲ್ಪ ನೋಡ್ಕೋರಿ" ಅಂದದ್ದು ಹನ್ನೆರಡು ವರ್ಷದ ಮ್ಯಾಲ ಎಲ್ಲಾರಿಗೂ ಕೇಳಿತು. ಅಪ್ಪ ಏನೂ ಮಾತಾಡಲಿಲ್ಲ, ಎದ್ದು ಕಟ್ಟಿಗೆ ಹೋಗಿ ಕುಂತ. ಅಕ್ಕ ಸೆರಗಿಲೆ ಕಣ್ಣ ಒರಸಿಕೊಂಡ್ಲು.

ಮರುದಿನ ನಾ ಒಂದು ದೊಡ್ಡ ತಪ್ಪು ಮಾಡಿದೆ. ಡಿಸ್ಕು ಆತಲ್ಲ, ಇನ್ನ ಯಾಕ ಅಂತ ಕಂಪ್ಯೂಟರಿನೊಳಗಿನ ಮೂಲ ಫೈಲು ಅಳಿಸಿಬಿಟ್ಟೆ.

ಈಗಿನ ಮಾತು

ಅಂಗಡ್ಯಾಗ ಸಿಗೂ ಸಿನಿಮಾ ಡಿಸ್ಕಿನ್ಯಾಗ ಅಚ್ಚು ಒತ್ತಿದ ಗುಂಡಿ ಇರ್ತಾವ. ನಾವು ಮನ್ಯಾಗ ಸುಟ್ಟ ಡಿಸ್ಕಿನೊಳಗ ಇರೂದು ಬಣ್ಣದ ಪದರ. ಲೇಸರ್ ಅದನ್ನ ಕಪ್ಪ ಮಾಡಿ ಬರೀತೈತಿ. ಬಿಸಿಲು, ಸೆಕೆ, ತಂಪು ಮೂರೂ ಆ ಬಣ್ಣಕ್ಕ ವೈರಿ. ನಮ್ಮ ಅಟ್ಟದ ಮ್ಯಾಲ ತಗಡು. ಬ್ಯಾಸಗಿಯೊಳಗ ಅಲ್ಲೆ ಹಪ್ಪಳ ಒಣಗತಾವ. ಈ ಸಲ ಮೂರು ಡ್ರೈವಿನ್ಯಾಗ ಹಾಕಿ ನೋಡಿದೆ. ಡಿ.ವಿ.ಡಿ. ಒಂದೂವರಿ ತಾಸು ಓಡಿ ನಿಂತಿತು. ಡಿಸ್ಕನ್ನ ಓದೂದು ಒಳಗಿನಿಂದ ಹೊರಗ, ಅಂಚಿನ ಕಡೆ ಹೆಚ್ಚು ಕೆಟ್ಟಿತ್ತು.

ಕ್ಯಾಸೆಟ್ಟಿಗೆ ಬಿಳೇ ಬೂಷ್ಟು. ಅಂಥಾದ್ದನ್ನ ವಿ.ಸಿ.ಆರ್.ಗೆ ಹಾಕಬಾರದು. ಪಟ್ಟಿಯೂ ಹರೀತೈತಿ, ಯಂತ್ರಕ್ಕೂ ಬೂಷ್ಟು ಹತ್ತತೈತಿ. ಯಂತ್ರ ಸಿಗೂದೂ ಕಷ್ಟ. ವಿ.ಸಿ.ಆರ್. ಮಾಡೂದನ್ನ ಕೊನೀತನಕ ನಡಸಿದ ಜಪಾನಿನ ಫುನಾಯ್ ಕಂಪನಿಯೂ 2016ರಾಗ ನಿಲ್ಲಿಸಿತು. ಕ್ಯಾಸೆಟ್ಟಿನೊಳಗ ಇದ್ದದ್ದನ್ನ 2025ರ ಒಳಗ ಬ್ಯಾರೆ ಕಡೆ ಇಳಿಸಿಕೊಳ್ರಿ, ಇಲ್ಲಾಂದ್ರ ಹೋದಂಗ ಅಂತ ಯುನೆಸ್ಕೊ 2019ರಾಗ ಜಗತ್ತಿಗೆಲ್ಲಾ ಎಚ್ಚರಾ ಹೇಳಿತ್ತು. ನಮ್ಮ ಟ್ರಂಕಿಗೆ ಅದು ಕೇಳಿರಲಿಲ್ಲ.

ಉಳದದ್ದು ಅದ ಬಾಲ್‌ಪೆನ್ನಿನ ಮೂರನೇ ವಿ.ಸಿ.ಡಿ. ಆಸೆ ಇಲ್ಲದ ಹಾಕಿದೆ. ಅಂಚಿನ ಕಡೆ ಪೆನ್ನಿನ ಗೀರು, ಆದ್ರ ಆಯಿ ಹಾಡು ಇದ್ದದ್ದು ಸುರುವಿಗೆ, ಅಂದ್ರ ನಟ್ಟನಡುವ! ಎಂ.ಪಿ.ಇ.ಜಿ.ಎ.ವಿ. ಅನ್ನೂ ಫೋಲ್ಡರಿನ್ಯಾಗಿನ ಡ್ಯಾಟ್ ಫೈಲು ವಿ.ಎಲ್.ಸಿ. ಪ್ಲೇಯರಿನೊಳಗ ಹತ್ತಿತು. ಎಲ್ಲಾಕ್ಕಿಂತ ಸೋವಿದು, ಕೌದಿ ಹೊಲದಂಗ ಕಾಣೂದ ಆಯಿನ್ನ ಉಳಿಸಿಕೊಟ್ಟಿತು.

ಈ ಸಲ ಮೊದಲ ಆ ಫೈಲನ್ನ ಬದಲಿ ಮಾಡದ, ಹಂಗ ಇದ್ದದ್ದನ್ನ ಎತ್ತಿಟ್ಟೆ. ಫೋನಿಗೆ ಬೇಕಾದದ್ದು ಅದರ ನಕಲು. ಪ್ರತಿ ಸಲ ಹಿಂಡಿದಾಗ ಒಂದೀಟು ಹೋಗತೈತಿ. ನಕಲಿನ ನಕಲು ಮಾಡಿಕೋತ ಹೋದ್ರ ಝೆರಾಕ್ಸಿನ ಝೆರಾಕ್ಸ್ ಆದಂಗ. ಒಂದು ಹಾರ್ಡ್‌ಡಿಸ್ಕು ನಮ್ಮಲ್ಲೆ, ಒಂದು ಅಕ್ಕನ ಮನ್ಯಾಗ. ಅವ್ವ ಬಿತ್ತೂ ಬೀಜಾನ ಬೂದಿ ಹಚ್ಚಿ ಗಡಿಗ್ಯಾಗ ಇಡ್ತಿದ್ಲು. ಎಷ್ಟ ಜೋಪಾನ ಇಟ್ರೂ ವರ್ಷಾ ಬಿತ್ತಿ, ಬೆಳದು, ಹೊಸಾ ಬೀಜ ತಗದಿಡ್ತಿದ್ಲು. ನಾ ಮೂವತ್ತು ವರ್ಷ ಮಾಡಿದ ತಪ್ಪು ಅಂದ್ರ ಗಡಿಗಿ ನಂಬಿ ಕುಂತದ್ದು. ಇನ್ನ ಮ್ಯಾಲ ವರ್ಷಕ್ಕೊಮ್ಮೆ ದೀಪಾವಳಿಗೆ ತಗದು, ಹಚ್ಚಿ ನೋಡಿ, ಐದು ವರ್ಷಕ್ಕೊಮ್ಮೆ ಹೊಸಾದಕ್ಕ ಇಳಿಸೂದು ಅಂತ ಅಕ್ಕನೂ ನಾನೂ ಮಾತಾಡಿಕೊಂಡೀವಿ.

ಅಪ್ಪ ಈಗಿಲ್ಲ. ಅಂವ ಬೀಗರಿಗೆ ಹೇಳಿದ ಮಾತು ಆ ಬೂಷ್ಟು ಹಿಡದ ಕ್ಯಾಸೆಟ್ಟಿನೊಳಗ ಅಷ್ಟ ಐತಿ. ಅದನ್ನ ತಂಪು ಹತ್ತದ ಡಬ್ಬಿಯೊಳಗ ಇಟ್ಟು, ಸ್ವಚ್ಛ ಮಾಡಿ ಇಳಿಸಿಕೊಡೋರನ್ನ ಹುಡುಕಾಕ ಹತ್ತೀನಿ.

ಅವ್ವಗ ಆಯಿ ಹಾಡು ಫೋನಿನ್ಯಾಗ ಹಚ್ಚಿಕೊಟ್ಟೆ. ಕಿವಿಗೆ ಒತ್ತಿ ಹಿಡಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದ್ಲು. ಆಮ್ಯಾಲ ಅಂದ್ಲು, "ನೋಡೋ ತಮ್ಮಾ, ಮೂರನೇ ನುಡಿ ತಪ್ಪ ಹಾಡ್ಯಾಳ. ಆವತ್ತೂ ನಾ ಹೇಳಿದ್ದೆ, ಕೇಳಲಿಲ್ಲ."

ಹೇಳಿ, ಮತ್ತೊಮ್ಮೆ ಹಚ್ಚು ಅಂದ್ಲು.